ಮೊದಲು ಯಾವುದನ್ನು ಬದಲಿಸಬೇಕು: ಟ್ರೇಲರ್ ಹಾಯಿದೋಣಿಯೊಂದಿಗೆ ನನ್ನ ಮೂರು ಹಂಗಾಮುಗಳು

ಟ್ರೇಲರ್ ಮೇಲೆ ಹೇರಿ ನೀರಿನ ಬಳಿಗೆ ಒಯ್ಯುವಂಥ ಹಳೆಯ ಹಾಯಿದೋಣಿಯೊಂದನ್ನು ಕೊಂಡು ತಂದ ವಾರದಲ್ಲೇ ನಾನು ಅದಕ್ಕೆ ಮಾಡಬೇಕಾದ ಸುಧಾರಣೆಗಳ ಪಟ್ಟಿಯೊಂದನ್ನು ಬರೆದೆ. ಅದರಲ್ಲಿ 34 ಅಂಶಗಳಿದ್ದವು. ಈಗ ಅದನ್ನು ಓದಿದರೆ, ಅರ್ಧಕ್ಕಿಂತ ಹೆಚ್ಚಿನವನ್ನು ಬೇರೆಯವರ ದೋಣಿಗಳನ್ನು ನೋಡಿ ಬರೆದುಕೊಂಡಿದ್ದೆನೆಂಬುದು ಸ್ಪಷ್ಟವಾಗುತ್ತದೆ. ಆ ಪಟ್ಟಿಯಿಂದ ಮೊದಲು ಕೊಂಡದ್ದು ನಕ್ಷೆಯನ್ನೂ ನೀರಿನ ಆಳವನ್ನೂ ತೋರಿಸುವ ಬಣ್ಣದ ಪರದೆಯನ್ನು. ಅದನ್ನು ಕೂರಿಸಲು ಕ್ಯಾಬಿನ್ನಿನ ಹಿಂಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದೆ. ಆ ಹಂಗಾಮಿನಲ್ಲಿ ನಾವು ನೀರಿಗಿಳಿದದ್ದು ಒಟ್ಟು ಆರು ಬಾರಿ; ದಡ ಕಣ್ಮರೆಯಾಗುವಷ್ಟು ದೂರ ಹೋದದ್ದು ಒಮ್ಮೆಯೂ ಇಲ್ಲ.

ಆರೇ ಬಾರಿ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನನ್ನ ಪಟ್ಟಿಯ ಕ್ರಮವೇ ಬದಲಾಯಿತು. ಪ್ರತಿ ಸಲ ಮನೆಗೆ ಮರಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯತೊಡಗಿದೆ: ಈ ದಿನ ನಮ್ಮನ್ನು ತಡೆದದ್ದು ಯಾವುದು, ನಮ್ಮನ್ನು ಹೆದರಿಸಿದ್ದು ಯಾವುದು. ಮೊದಲ ಸಾಲಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದು ಹೊತ್ತು. ಟ್ರೇಲರ್ ನಿಲ್ಲಿಸಿದ ಕ್ಷಣದಿಂದ ದೋಣಿ ನೀರಿನಲ್ಲಿ ತೇಲುವವರೆಗೆ ನಮಗೆ ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ‘ಗಾಳಿ ಇರುವಷ್ಟು ಹೊತ್ತೂ ನಾವು ದಡದ ಮೇಲೆಯೇ ಇರುತ್ತೇವಲ್ಲ’ ಎಂದು ನನ್ನ ಪತ್ನಿ ಒಮ್ಮೆ ಹೇಳಿದ್ದೂ ಆ ನೋಟ್‌ಬುಕ್ಕಿನಲ್ಲಿದೆ. ಎರಡನೆಯ ಸಾಲಿನಲ್ಲಿದ್ದವು ಹಾಯಿಕಂಬವನ್ನು ಎತ್ತುವಾಗ ಅದು ಪಕ್ಕಕ್ಕೆ ವಾಲಿದ್ದು, ಗಾಳಿ ಇದ್ದಕ್ಕಿದ್ದಂತೆ ಹೆಚ್ಚಿದಾಗ ಮುಂದಿನ ಹಾಯಿಯನ್ನು ಇಳಿಸಲಾಗದೆ ಹೋದದ್ದು, ಮತ್ತು ದೋಣಿಯ ಕೆಳಗಿನಿಂದ ಬರುತ್ತಿದ್ದ, ಕಾರಣ ತಿಳಿಯದ ಢಣ್ ಎಂಬ ಸದ್ದು.

ನನ್ನ ದೋಣಿಯ ಉದ್ದ 6.4 ಮೀಟರ್. ಮೈ ಫೈಬರ್‌ಗ್ಲಾಸಿನದು, ಹಾಯಿಕಂಬ ಕ್ಯಾಬಿನ್ನಿನ ಮಾಳಿಗೆಯ ಮೇಲೆ ತಿರುಗಣಿಯೊಂದರಲ್ಲಿ ನಿಲ್ಲುತ್ತದೆ, ತಳದಲ್ಲಿ ಎರಕದ ಕಬ್ಬಿಣದ ಭಾರವಾದ ಕೀಲ್, ಅಂದರೆ ದೋಣಿ ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಇಳಿಬಿಡುವ ಹಲಗೆ, ಒಂದು ಪಿನ್ನಿನ ಸುತ್ತ ತಿರುಗುತ್ತ ಮೇಲೇರಿ ಕೆಳಗಿಳಿಯುತ್ತದೆ. ಈ ಬಗೆಯ ದೋಣಿಗಳಲ್ಲಿ ಹೆಚ್ಚು ಹೆಸರಾದದ್ದು 1969ರಲ್ಲಿ ತಯಾರಿಕೆ ಆರಂಭವಾದ ಕೆಟಲಿನಾ 22. ನನ್ನದು ಅದಕ್ಕಿಂತ ತುಸು ಚಿಕ್ಕದಾದ, ಬೇರೆ ತಯಾರಕರ ದೋಣಿ. ನೀರಿನಲ್ಲೇ ಕಟ್ಟಿಹಾಕಿರುವ ದೋಣಿಯ ಕಂಬವನ್ನು ವರ್ಷಕ್ಕೊಮ್ಮೆ ಇಳಿಸಿದರೆ ಹೆಚ್ಚು. ಟ್ರೇಲರ್ ದೋಣಿಯಲ್ಲಾದರೋ ಪ್ರತಿ ವಿಹಾರಕ್ಕೂ ಅದನ್ನು ಒಮ್ಮೆ ಎತ್ತಿ ಒಮ್ಮೆ ಇಳಿಸಬೇಕಾಗುತ್ತದೆ. ಅದರ ತಂತಿಗಳು, ಪಿನ್ನುಗಳು, ತಂತಿಯನ್ನು ತಿರುಪಿನಿಂದ ಬಿಗಿಗೊಳಿಸುವ ಟರ್ನ್‌ಬಕಲ್‌ಗಳು ಸವೆಯುವುದು ಗಾಳಿಯಿಂದ ಎಷ್ಟೋ, ನಮ್ಮ ಕೈಯಿಂದಲೂ ಅಷ್ಟೇ.

ಹೀಗಾಗಿ ಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳಿಂದಲೇ ಆರಂಭಿಸಿದೆ. ಒಂದೊಂದು ತಂತಿಯ ಮೇಲೂ ಹತ್ತಿಯ ಉಂಡೆಯನ್ನು ನಿಧಾನವಾಗಿ ಎಳೆಯುತ್ತ ಹೋದಾಗ ಬಲಬದಿಯ ತಂತಿಯ ಕೆಳತುದಿಯಲ್ಲಿ, ಅದು ಲೋಹದ ಕೊಳವೆಯೊಳಗೆ ಹೊಕ್ಕಿರುವ ಜಾಗದಲ್ಲಿ, ಹತ್ತಿ ಸಿಕ್ಕಿಕೊಂಡಿತು. ಈ ತಂತಿಯಲ್ಲಿ 19 ಎಳೆಗಳಿರುತ್ತವೆ. ಅವುಗಳಲ್ಲಿ ಒಂದು ತುಂಡಾಗಿತ್ತು. ಒಂದು ಎಳೆ ಹೋದರೆ ಉಳಿದ ಹದಿನೆಂಟು ಹೊರುತ್ತವೆ ಎಂದು ಲೆಕ್ಕ ಹಾಕುವುದು ಸರಿಯಲ್ಲ, ಏಕೆಂದರೆ ಅದನ್ನು ಮುರಿದ ಬಳಲಿಕೆ ಪಕ್ಕದ ಎಳೆಗಳಿಗೂ ತಗುಲಿರುತ್ತದೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಇಡೀ ತಂತಿಗಳನ್ನು ಬದಲಿಸುವುದು ವಾಡಿಕೆ. ನನ್ನ ದೋಣಿಯ ತಂತಿಗಳ ವಯಸ್ಸು ಹಿಂದಿನ ಮಾಲೀಕರಿಗೂ ತಿಳಿದಿರಲಿಲ್ಲ. ಎಲ್ಲವನ್ನೂ ಬದಲಿಸಿದೆ. ಜೊತೆಗೆ, ಕಂಬ ಎತ್ತುವಾಗ ಕೆಳಗಿನ ಟರ್ನ್‌ಬಕಲ್ ಸೆಟೆದು ನಿಂತು ಅದರ ತಿರುಪು ಬಾಗುತ್ತಿದ್ದುದನ್ನು ಗಮನಿಸಿ, ಎರಡೂ ದಿಕ್ಕಿಗೆ ಮಡಚಿಕೊಳ್ಳುವ ಟಾಗಲ್ ಎಂಬ ಸಣ್ಣ ಕೊಂಡಿಯನ್ನು ಪ್ರತಿಯೊಂದರ ಕೆಳಗೂ ಸೇರಿಸಿದೆ. ನೋಡಿದವರಾರೂ ಇದನ್ನು ಹೊಗಳಲಿಲ್ಲ. ಹೊಸ ತಂತಿಯೂ ಹಳೆಯ ತಂತಿಯೂ ದೂರದಿಂದ ಒಂದೇ ತೆರನಾಗಿ ಹೊಳೆಯುತ್ತವೆ.

ಢಣ್ ಎಂಬ ಸದ್ದಿನ ಮೂಲ ಕೀಲ್‌ನಲ್ಲಿತ್ತು. ದೋಣಿ ಟ್ರೇಲರ್ ಮೇಲೆ ಕುಳಿತಿರುವಾಗ ಕೀಲನ್ನು ಇಳಿಸಿ ನೋಡಲು ಜಾಗವೇ ಇರುವುದಿಲ್ಲ. ಆದುದರಿಂದ ದೋಣಿಯನ್ನು ಗಟ್ಟಿಯಾದ ಮರದ ದಿಮ್ಮಿಗಳ ಮೇಲೂ ಆನಿಕೆಗಳ ಮೇಲೂ ಎತ್ತಿ ನಿಲ್ಲಿಸಿ, ಕೀಲ್‌ನ ಭಾರವನ್ನು ಜಾಕ್ ಒಂದಕ್ಕೆ ಹೊರಿಸಿ, ಆಮೇಲೆ ಪಿನ್ನನ್ನು ಹೊರತೆಗೆಯಬೇಕಾಯಿತು. ಕೀಲ್‌ನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಇಡಕೂಡದೆಂಬ ನಿಯಮವನ್ನು ಆ ಎರಡು ದಿನವೂ ಒಬ್ಬರಿಗೊಬ್ಬರು ನೆನಪಿಸಿಕೊಳ್ಳುತ್ತಲೇ ಇದ್ದೆವು. ಪಿನ್ನಿನ ನಡುಭಾಗ ಸವೆದು ಕಿರಿದಾಗಿತ್ತು, ಅದು ಹೊಕ್ಕಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು; ಲಂಗರು ಹಾಕಿ ನಿಂತಾಗ ಸಣ್ಣ ಅಲೆಗೂ ಕೀಲ್ ಅಕ್ಕಪಕ್ಕಕ್ಕೆ ಬಡಿಯುತ್ತಿದ್ದುದು ಇದರಿಂದ. ತೂತನ್ನು ದುಂಡಗೆ ಕೊರೆಸಿ ಒಳಗೆ ಕಂಚಿನ ಬಳೆಯಂಥ ಬುಶ್ ಹಾಕಿಸಿ, ಹೊಸ ಪಿನ್ನನ್ನೂ ಎರಡೂ ಬದಿಗೆ ತೆಳು ವಾಶರ್‌ಗಳನ್ನೂ ಕೂರಿಸಿದೆ. ಕೀಲನ್ನು ಎತ್ತುವ ತಂತಿಯನ್ನು ಬದಲಿಸುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆ ತಂತಿ ದೋಣಿಯೊಳಕ್ಕೆ ಬರುವ ರಬ್ಬರ್ ಕೊಳವೆಯ ಕೆಳತುದಿ ನೀರಿನ ಮಟ್ಟಕ್ಕಿಂತ ಕೆಳಗಿತ್ತು; ಅದನ್ನು ಹಿಡಿದಿದ್ದ ಎರಡು ಕ್ಲಿಪ್ಪುಗಳಲ್ಲಿ ಒಂದು ತುಕ್ಕು ಹಿಡಿದು ಬೆರಳಿನ ಒತ್ತಡಕ್ಕೇ ಮುರಿಯಿತು. ದೋಣಿಯನ್ನು ಮುಳುಗಿಸಬಲ್ಲ ವಸ್ತು ನನ್ನ 34 ಅಂಶಗಳ ಪಟ್ಟಿಯಲ್ಲಿ ಇರಲೇ ಇಲ್ಲ.

ಟ್ರೇಲರ್‌ನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಕ್ರಮದಲ್ಲಿ ಅದು ದೋಣಿಗಿಂತ ಹಿಂದಿರಬಾರದು. ಓಡಿ ಬಂದು ಬಿಸಿಯಾದ ಗಾಲಿಯ ಗುಂಬವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲ್‌ನ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇರಿಂಗ್ ಕೆಡುವುದು ಹೀಗೆಯೇ. ಸೀಲ್‌ಗಳನ್ನೂ ಬೇರಿಂಗ್‌ಗಳನ್ನೂ ಬದಲಿಸಿ, ಒಳಗಿನ ಗ್ರೀಸನ್ನು ಸ್ಪ್ರಿಂಗ್‌ನಿಂದ ಒತ್ತಿಟ್ಟುಕೊಳ್ಳುವ ಮುಚ್ಚಳಗಳನ್ನು ಹಾಕಿದೆ. ಟೈರುಗಳ ಮೇಲ್ಮೈ ಹೊಸದರಂತೆಯೇ ಇತ್ತು, ಆದರೆ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿಗಳು, ಅಂದರೆ ತಯಾರಾದ ವಾರ ಮತ್ತು ವರ್ಷ, ಅವಕ್ಕೆ ಹನ್ನೊಂದು ವರ್ಷವಾಗಿದೆಯೆಂದು ತೋರಿಸಿದವು. ನಿಂತಲ್ಲೇ ಮುದಿಯಾಗುವ ಟೈರುಗಳಿವು; ಅವನ್ನೂ ಬದಲಿಸಿದೆ.

ಇಷ್ಟಾದ ಮೇಲೆ ಹೊತ್ತಿನ ಸಮಸ್ಯೆಗೆ ಕೈಹಾಕಿದೆ. ಅತಿ ಹೆಚ್ಚು ಸಮಯವನ್ನೂ ಧೈರ್ಯವನ್ನೂ ಬೇಡುತ್ತಿದ್ದುದು ಕಂಬ ಎತ್ತುವ ಕೆಲಸ: ನಾನು ಮಾಳಿಗೆಯ ಮೇಲೆ ನಿಂತು ಹೆಗಲು ಕೊಟ್ಟು ತಳ್ಳುತ್ತಿದ್ದೆ, ಪತ್ನಿ ಮುಂದಿನಿಂದ ಹಗ್ಗ ಎಳೆಯುತ್ತಿದ್ದರು, ಅರ್ಧ ಏರುವಷ್ಟರಲ್ಲಿ ಅದು ಯಾವುದೋ ಒಂದು ಬದಿಗೆ ವಾಲುತ್ತಿತ್ತು. ಇದಕ್ಕೆ ಎರಡು ಸಾಧನಗಳನ್ನು ನಾನೇ ಮಾಡಿಕೊಂಡೆ. ಮೊದಲನೆಯದು, ಕಂಬದ ಬುಡಕ್ಕೆ ಸಿಕ್ಕಿಸಿ ಮುಂದಕ್ಕೆ ಚಾಚುವ ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಕೋಲು. ಕಂಬ ಮಲಗಿರುವಾಗ ಮುಂದಿನಿಂದ ಹಗ್ಗ ಎಳೆದರೆ ಆ ಎಳೆತ ಹೆಚ್ಚುಕಡಿಮೆ ಕಂಬದ ಉದ್ದಕ್ಕೇ ಹೋಗುವುದರಿಂದ ಕಂಬ ಏಳುವುದಿಲ್ಲ; ಈ ಕೋಲು ಎಳೆತದ ಕೋನವನ್ನು ದೊಡ್ಡದು ಮಾಡುತ್ತದೆ. ಎಳೆಯಲು ಬೇರೇನನ್ನೂ ಕೊಳ್ಳಲಿಲ್ಲ, ದೊಡ್ಡ ಹಾಯಿಯ ಕೆಳಅಂಚನ್ನು ಹಿಡಿಯುವ ಅಡ್ಡಕೋಲನ್ನು, ಅಂದರೆ ಬೂಮನ್ನು, ನಿಯಂತ್ರಿಸುವ, ಎಳೆತವನ್ನು ನಾಲ್ಕು ಪಟ್ಟು ಮಾಡುವ ರಾಟೆಜೋಡಿಯನ್ನೇ ಬಿಚ್ಚಿ ಬಳಸಿದೆ.

ಎರಡನೆಯದು, ಕಂಬ ಪಕ್ಕಕ್ಕೆ ವಾಲದಂತೆ ಹಿಡಿಯುವ ಒಂದು ಜೊತೆ ತಾತ್ಕಾಲಿಕ ತಂತಿಗಳು. ಇಲ್ಲಿ ನಾನು ಮೊದಲ ಪ್ರಯತ್ನದಲ್ಲಿ ಸೋತೆ. ಅವುಗಳ ಕೆಳತುದಿಯನ್ನು ಅನುಕೂಲವಾಗಿ ಸಿಕ್ಕ ಬೋಲ್ಟುಗಳಿಗೆ ಕಟ್ಟಿದೆ. ಕಂಬ ಕೆಳಗಿರುವಾಗ ಬಿಗಿಯಾಗಿದ್ದ ತಂತಿಗಳು ಅದು ಏರಿದಂತೆ ಜೋಲಾದವು. ತಿರುಗಣಿಯ ಪಿನ್ನನ್ನು ಎರಡೂ ಬದಿಗೆ ಗೆರೆಯೆಳೆದಂತೆ ಮುಂದುವರಿಸಿದರೆ ಆ ಗೆರೆ ಹಾದುಹೋಗುವ ಬಿಂದುಗಳಲ್ಲಿಯೇ ತಂತಿಯ ಕೆಳತುದಿ ನಿಲ್ಲಬೇಕು. ಆಗ ಮಾತ್ರ ಕಂಬ ಯಾವ ಕೋನದಲ್ಲಿದ್ದರೂ ಅದರ ಉದ್ದ ಬದಲಾಗದು. ನನ್ನ ದೋಣಿಯಲ್ಲಿ ಆ ಬಿಂದು ಗಾಳಿಯಲ್ಲಿತ್ತು, ದೋಣಿಯ ಅಂಚಿನಿಂದ ಸುಮಾರು ಒಂದು ಗೇಣು ಮೇಲೆ. ಆದುದರಿಂದ ಅಂಚಿನ ಎರಡು ಕಡೆಯಿಂದ ಎರಡು ತುಂಡು ತಂತಿಗಳನ್ನು ತಂದು ಒಂದು ಉಕ್ಕಿನ ಬಳೆಯಲ್ಲಿ ಕೂಡಿಸಿ, ಆ ಬಳೆ ಸರಿಯಾದ ಎತ್ತರದಲ್ಲಿ ನಿಲ್ಲುವಂತೆ ಮಾಡಿ, ಅದಕ್ಕೆ ತಾತ್ಕಾಲಿಕ ತಂತಿಯನ್ನು ಕಟ್ಟಿದೆ. ಈಗ ಕಂಬವನ್ನು ಯಾವ ಎತ್ತರದಲ್ಲಾದರೂ ನಿಲ್ಲಿಸಿ, ಸಿಕ್ಕಿಕೊಂಡ ಹಗ್ಗವನ್ನು ಬಿಡಿಸಿ, ಮತ್ತೆ ಎತ್ತಬಹುದು. ಎತ್ತುವ ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲವೆಂಬುದನ್ನೂ, ಅಲ್ಲಿಂದ ನೀರಿನವರೆಗಿನ ದಾರಿಯಲ್ಲಿ ಇಲ್ಲವೆಂಬುದನ್ನೂ ಇಬ್ಬರೂ ಬೇರೆಬೇರೆಯಾಗಿ ನೋಡುತ್ತೇವೆ. ಪ್ರತಿ ತಂತಿಯ ತುದಿಗೂ ಅದರ ಕೊಂಡಿಗೂ ಒಂದೇ ಬಣ್ಣದ ಟೇಪು ಸುತ್ತಿದ್ದರಿಂದ ಉಳಿದ ಗೊಂದಲವೂ ಹೋಯಿತು. ಎರಡು ಗಂಟೆ ಇಪ್ಪತ್ತು ನಿಮಿಷ ಈಗ ಐವತ್ತೈದು ನಿಮಿಷಕ್ಕಿಳಿದಿದೆ.

ಮುಂದಿನ ಹಾಯಿಯನ್ನು ಸುತ್ತಿಡುವ ಫರ್ಲರ್ ಬೇಕೆಂಬುದು ನನ್ನ ಪಟ್ಟಿಯ ಮೂರನೆಯ ಅಂಶವಾಗಿತ್ತು, ಬಹುತೇಕ ಎಲ್ಲರ ಪಟ್ಟಿಯಲ್ಲೂ ಅದು ಮೇಲೆಯೇ ಇರುತ್ತದೆ. ನಾನು ಅದನ್ನು ಕೊಳ್ಳದಿರಲು ಕಾರಣ ಟ್ರೇಲರ್: ಕಂಬ ಇಳಿಸಿದಾಗಲೆಲ್ಲ ಫರ್ಲರ್‌ನ ಉದ್ದನೆಯ ಅಲ್ಯೂಮಿನಿಯಂ ಕೊಳವೆ ಬಾಗದಂತೆ ಕಾಯಬೇಕು, ಎತ್ತುವಾಗ ಅದು ಇನ್ನೊಂದು ತೊಡಕು. ಅದರ ಬದಲು ಹಾಯಿಯ ಮೇಲ್ತುದಿಗೆ ಒಂದು ತೆಳ್ಳಗಿನ ಹಗ್ಗ ಕಟ್ಟಿ, ಹಾಯಿಯನ್ನು ಮುಂದಿನ ತಂತಿಗೆ ಸಿಕ್ಕಿಸುವ ಕೊಕ್ಕೆಗಳ ನಡುವಿನಿಂದ ಕೆಳಗಿಳಿಸಿ, ದೋಣಿಯ ಮೂಗಿನ ಬಳಿ ಒಂದು ರಾಟೆಯ ಮೂಲಕ ಕುಳಿತಲ್ಲಿಗೆ ತಂದುಕೊಂಡೆ. ಏರಿಸುವ ಹಗ್ಗವನ್ನು ಸಡಿಲಿಸಿ ಇದನ್ನು ಎಳೆದರೆ ಹಾಯಿ ಅಂಚಿನ ಮೇಲೆ ಬಿದ್ದು ಅಲ್ಲೇ ಉಳಿಯುತ್ತದೆ. ಪ್ರತಿದಿನ ದಡ ಸೇರುವವರೆಗೂ ಹಾಯಿಯನ್ನು ಮಡಚುವ ಕೆಲಸ ಬಾಕಿ ಇರುತ್ತದೆ ಎಂಬುದು ನಿಜ, ಅದನ್ನು ನಾನು ಸಹಿಸಿಕೊಂಡಿದ್ದೇನೆ.

ಅದಕ್ಕಿಂತ ಮುಖ್ಯವಾದದ್ದು ದೊಡ್ಡ ಹಾಯಿಯನ್ನು ಕುಗ್ಗಿಸುವ ವ್ಯವಸ್ಥೆ, ಅಂದರೆ ರೀಫ್. ಹಾಯಿಯಲ್ಲಿ ರೀಫ್‌ನ ಕಣ್ಣುಗಳು, ಅಂದರೆ ಹಗ್ಗ ಪೋಣಿಸುವ ತೂತುಗಳು, ಇದ್ದವು, ಅವುಗಳಿಗೆ ಹಗ್ಗವೇ ಇರಲಿಲ್ಲ. ಮೊದಲ ರೀಫ್ ಹಾಯಿಯ ಸುಮಾರು ಕಾಲುಭಾಗವನ್ನು ಕಡಿಮೆ ಮಾಡುತ್ತದೆ. ವಾಲುವಿಕೆ ಇಳಿಯುತ್ತದೆ, ಚುಕ್ಕಾಣಿಯ ಎಳೆತ ಹಗುರವಾಗುತ್ತದೆ, ವೇಗ ಬಹುಪಾಲು ಉಳಿಯುತ್ತದೆ. ಇಲ್ಲಿ ನಾನೊಂದು ಅರೆಬರೆ ಕೆಲಸ ಮಾಡಿದೆ. ಹಾಯಿ ಏರಿಸುವ ಹಗ್ಗವನ್ನು ರಾಟೆಗಳ ಮೂಲಕ ಹಿಂದಕ್ಕೆ ತಂದೆ, ಆದರೆ ರೀಫ್‌ನ ಮುಂದಿನ ಕಣ್ಣನ್ನು ಸಿಕ್ಕಿಸುವ ಕೊಕ್ಕೆ ಕಂಬದ ಬಳಿಯೇ ಉಳಿಯಿತು. ಹೀಗಾಗಿ ರೀಫ್ ಮಾಡಲು ಒಬ್ಬರು ಹಿಂದೆಯೂ ಒಬ್ಬರು ಮುಂದೆಯೂ ಬೇಕಾದರು. ಎಲ್ಲ ಹಗ್ಗಗಳೂ ಕಂಬದ ಬಳಿ ಇರಬೇಕು, ಇಲ್ಲವೇ ಎಲ್ಲವೂ ಹಿಂದೆ ಬರಬೇಕು. ಮರುವರ್ಷ ಇನ್ನೊಂದು ಹಗ್ಗ ಹಾಕಿ ಅದನ್ನೂ ಹಿಂದಕ್ಕೆ ತಂದೆ.

ಏಣಿಯ ಅಗತ್ಯ ತಿಳಿದದ್ದು ಒಂದು ಪರೀಕ್ಷೆಯಿಂದ. ಗಾಳಿಯಿಲ್ಲದ ದಿನ, ಎದೆಮಟ್ಟದ ನೀರಿನಲ್ಲಿ, ಬಟ್ಟೆ ಮತ್ತು ಜೀವರಕ್ಷಕ ಕವಚ ತೊಟ್ಟು ನೀರಿಗಿಳಿದೆ. ಕಾಲನ್ನು ನೆಲಕ್ಕೆ ತಾಕಿಸದೆ ದೋಣಿ ಹತ್ತಲು ನನಗೆ ಸಾಧ್ಯವಾಗಲಿಲ್ಲ. ಇದ್ದ ಏಣಿಯ ಕೆಳಮೆಟ್ಟಿಲು ನೀರನ್ನಷ್ಟೇ ತಾಕುತ್ತಿತ್ತು. ಎರಡು ಮೆಟ್ಟಿಲು ನೀರಿನೊಳಗೆ ಮುಳುಗುವ, ನೀರಿನಲ್ಲಿರುವವರೇ ಎಳೆದು ಬಿಡಿಸಬಹುದಾದ ಏಣಿಯನ್ನು ಆ ವಾರವೇ ಹಾಕಿದೆ.

ಎಂಜಿನ್ನಿಗೆ ನಾನು ಹೆಚ್ಚೇನೂ ಮಾಡಲಿಲ್ಲ. ದೋಣಿಯ ಹಿಂಬದಿಗೆ ತಗುಲಿಸಿದ್ದ 5 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಸಾಲದೆಂದು ಭಾವಿಸಿದ್ದೆ. ಆದರೆ ಇಂಥ ಭಾರದ ದೋಣಿಯ ವೇಗಕ್ಕೆ ಅದರ ನೀರುಮಟ್ಟದ ಉದ್ದವೇ, ಅಂದರೆ ನೀರಿನ ಮಟ್ಟದಲ್ಲಿ ಅಳೆದ ದೋಣಿಯ ಉದ್ದವೇ, ಮಿತಿ: ಅಡಿಗಳಲ್ಲಿ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂಬುದು ಬರುತ್ತದೆ. ನನ್ನ ದೋಣಿಗೆ ಆ ಉದ್ದ 18.5 ಅಡಿ, ಉತ್ತರ ಸುಮಾರು 5.8. ಅದನ್ನು ಈ ಎಂಜಿನ್ನೇ ಬಹುಮಟ್ಟಿಗೆ ಮುಟ್ಟುತ್ತದೆ. ನೀರೆತ್ತುವ ಇಂಪೆಲರ್ ಮತ್ತು ಇಂಧನದ ಕೊಳವೆಯನ್ನು ಬದಲಿಸಿ ಸುಮ್ಮನಾದೆ. ವಿದ್ಯುತ್ತಿನಲ್ಲೂ ಹಾಗೆಯೇ. ಲಂಗರು ಹಾಕಿದಾಗ ಉರಿಯುವ 12 ವ್ಯಾಟಿನ ಬಲ್ಬು ಹತ್ತು ಗಂಟೆಗೆ 10 ಆಂಪಿಯರ್-ಗಂಟೆ ತಿನ್ನುತ್ತಿತ್ತು. 2 ವ್ಯಾಟಿನ ಎಲ್‌ಇಡಿ ಹಾಕಿದ ಮೇಲೆ ಅದು 1.7ಕ್ಕೆ ಇಳಿದು, ದೊಡ್ಡ ಬ್ಯಾಟರಿಯ ಮಾತೇ ಪಟ್ಟಿಯಿಂದ ಹೊರಬಿತ್ತು. ಬ್ಯಾಟರಿಗೆ ತೀರ ಸಮೀಪದಲ್ಲಿ ಒಂದು ಫ್ಯೂಸ್ ಸೇರಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಇನ್ನು ಆ ಬಣ್ಣದ ಪರದೆ. ಎರಡನೆಯ ಹಂಗಾಮಿನಲ್ಲಿ ಅದರ ಕೆಳಗಿನ ಗೋಡೆ ಮೆತ್ತಗಾಗಿರುವುದು ಕಂಡಿತು. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಪ್ಲೈವುಡ್ ಇದೆ. ನಾನು ಕೊರೆದ ತೂತಿನ ಅಂಚನ್ನು ಮುಚ್ಚದೆ ಬಿಟ್ಟಿದ್ದರಿಂದ ಮಳೆನೀರು ಅದರೊಳಕ್ಕೆ ಇಳಿದಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುವುದು ಕೊಳೆತ ಜಾಗದಲ್ಲಿ ದೊಬ್ ಎನ್ನುತ್ತದೆ. ಹೀಗೇ ತಟ್ಟುತ್ತ ಮಾಳಿಗೆಯ ಮೇಲಿನ ಹಳೆಯ ಬೋಲ್ಟುಗಳಲ್ಲೂ ಎರಡು ಮೆತ್ತನೆಯ ಜಾಗ ಸಿಕ್ಕವು. ಪ್ರತಿ ತೂತನ್ನೂ ಅಗಲಿಸಿ, ಕೊಳೆತ ಮರವನ್ನು ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನಷ್ಟೇ ತೂತು ಕೊರೆದು, ಬ್ಯುಟೈಲ್ ಅಂಟುಪಟ್ಟಿಯೊಂದಿಗೆ ಮತ್ತೆ ಬಿಗಿದೆ. ಒಂಬತ್ತು ಬೋಲ್ಟುಗಳಿಗೆ ನಾಲ್ಕು ವಾರಾಂತ್ಯಗಳು ಹಿಡಿದವು. ಪರದೆಯ ತೂತನ್ನು ಪೂರ್ತಿ ಮುಚ್ಚಿ, ಪರದೆಯನ್ನು ಮಡಚಬಲ್ಲ ತೋಳೊಂದರ ಮೇಲೆ ಕ್ಯಾಬಿನ್ನಿನ ಒಳಗೆ ನಿಲ್ಲಿಸಿದ್ದೇನೆ.

ಮೂರನೆಯ ಹಂಗಾಮಿನಲ್ಲಿ ನಾವು ನೀರಿಗಿಳಿದದ್ದು ಇಪ್ಪತ್ತಮೂರು ಬಾರಿ. ಹಳೆಯ ಪಟ್ಟಿಯಲ್ಲಿ ಈಗ ಹನ್ನೊಂದು ಅಂಶಗಳು ಉಳಿದಿವೆ, ಅವುಗಳಲ್ಲಿ ನಿಜವಾಗಿ ಬೇಕಾದದ್ದು ಹೊಸ ದೊಡ್ಡ ಹಾಯಿ: ಇದ್ದದ್ದು ಹಿಗ್ಗಿ ಚೀಲದಂತಾಗಿದೆ, ಗಾಳಿಗೆ ಎದುರಾಗಿ ಏರುವಾಗ ದೋಣಿ ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಹೆಚ್ಚು. ಈ ವಾರ ಕಂಬ ಎತ್ತಿದಾಗ ಅಳತೆಪಟ್ಟಿಯನ್ನು ಹಾಯಿ ಏರಿಸುವ ಹಗ್ಗದ ತುದಿಗೆ ಕಟ್ಟಿ ಮೇಲಕ್ಕೆಳೆದು ಉದ್ದವನ್ನು ಬರೆದುಕೊಂಡಿದ್ದೇನೆ. ಹೊಸ ಹಾಯಿಯಲ್ಲಿ ಎರಡು ಸಾಲು ರೀಫ್ ಇರಬೇಕೆಂದೂ ಅದರ ಕೆಳಗೇ ಬರೆದಿದ್ದೇನೆ.