ಆಕ್ಸಿಜನ್ ಪೆಟ್ಟಿಗೆಯಲ್ಲಿ ಹಾಲಿನ ಲೆಕ್ಕ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಜೀವ ಉಳಿಸುವ ಆಕ್ಸಿಜನ್ನೇ ಅದರ ಶ್ವಾಸಕೋಶವನ್ನು ಕೆಡಿಸಬಲ್ಲದು. 1967ರಲ್ಲಿ ನಾರ್ತ್‌ವೇ ಮತ್ತು ಸಂಗಡಿಗರು ವರದಿ ಮಾಡಿದ ಈ ಕಾಯಿಲೆಯನ್ನು ವೈದ್ಯರು ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲಾಸಿಯಾ) ಎನ್ನುತ್ತಾರೆ. ನಾನು ಅದನ್ನು ಅಭ್ಯಾಸ ಮಾಡುವುದು ಇಲಿಮರಿಗಳಲ್ಲಿ.

ಇಲಿಯೇ ಏಕೆಂದರೆ, ದಿನ ತುಂಬಿ ಹುಟ್ಟಿದರೂ ಅದರ ಶ್ವಾಸಕೋಶ ಇನ್ನೂ ಅರೆಬೆಳೆದ ಚೀಲಗಳಂತಿರುತ್ತದೆ. ನಿಜವಾದ ಗಾಳಿಗೂಡುಗಳು ಮೂಡುವುದು ಹುಟ್ಟಿ ನಾಲ್ಕೈದು ದಿನ ಕಳೆದ ಮೇಲೆ. ಆರು ತಿಂಗಳಿಗೇ ಹುಟ್ಟಿದ ಮಗುವಿನ ಶ್ವಾಸಕೋಶವೂ ಹೆಚ್ಚುಕಡಿಮೆ ಈ ಹಂತದಲ್ಲೇ ಇರುತ್ತದೆ.

ಒಂದೇ ದಿನ ಈದ ಎರಡು ಇಲಿಗಳ ಮರಿಗಳನ್ನು ಕಲೆಸಿ, ಎರಡು ಗೂಡುಗಳಿಗೆ ಸಮನಾಗಿ ಹಂಚುತ್ತೇನೆ. ಒಂದು ಗೂಡು 14 ದಿನ 85% ಆಕ್ಸಿಜನ್ ಇರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ಇನ್ನೊಂದು ಹೊರಗಿನ ಗಾಳಿಯಲ್ಲಿ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಲು ಪೆಟ್ಟಿಗೆಯೊಳಗೆ ಸೋಡಾ ಲೈಮ್ ಇಡಬೇಕು. ಸೆನ್ಸರ್ ಹೊರಗಿನ ಗಾಳಿಯಲ್ಲಿ 21% ತೋರಿಸುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಇಷ್ಟು ಯಾರಾದರೂ ಕಲಿಯಬಹುದು.

ಕಷ್ಟವಿರುವುದು ತಾಯಿಯ ವಿಷಯದಲ್ಲಿ. ಇಷ್ಟು ಆಕ್ಸಿಜನ್ನನ್ನು ಮರಿಗಳು ತಡೆದುಕೊಂಡಷ್ಟು ದೊಡ್ಡ ಇಲಿ ತಡೆಯಲಾರದು. ಅದಕ್ಕೇ ಎರಡು ತಾಯಿಯರನ್ನೂ 24 ಗಂಟೆಗೊಮ್ಮೆ ಅದಲುಬದಲು ಮಾಡುತ್ತೇನೆ. ಕೈಗವಸಿಗೆ ಮೊದಲು ಗೂಡಿನ ಹಾಸನ್ನು ಉಜ್ಜಿಕೊಳ್ಳುತ್ತೇನೆ, ಮರಿಗಳಿಗೆ ಹೊಸ ವಾಸನೆ ಹತ್ತಬಾರದು. ಆಮೇಲೆ ಒಂದೊಂದೇ ಮರಿಯನ್ನು ಬೆಳಕಿಗೆ ಹಿಡಿಯುತ್ತೇನೆ. ಮೊದಲ ದಿನಗಳಲ್ಲಿ ಹೊಟ್ಟೆಯ ಎಡಭಾಗದಲ್ಲಿ, ತೆಳು ಚರ್ಮದಡಿ, ಕುಡಿದ ಹಾಲು ಬೆಳ್ಳಗೆ ಕಾಣುತ್ತದೆ. ಕಾಣದಿದ್ದರೆ ಆ ಮರಿಯ ಗುರುತು ಬರೆದಿಟ್ಟು ತೂಕದ ಮೇಲೆ ಕಣ್ಣಿಡುತ್ತೇನೆ. ಹಸಿವೊಂದೇ ಸಾಕು, ಗಾಳಿಗೂಡುಗಳ ಸಂಖ್ಯೆ ತಗ್ಗುತ್ತದೆ. ಹಾಲು ಸಿಗದ ಮರಿಯ ಶ್ವಾಸಕೋಶವನ್ನು ಆಕ್ಸಿಜನ್ ಲೆಕ್ಕಕ್ಕೆ ಬರೆದರೆ ಇಡೀ ಪ್ರಯೋಗ ಸುಳ್ಳಾಗುತ್ತದೆ. ಹಾಗಾಗಿ ಮರಿಗಳ ತೂಕ ಕೊಡದ ವರದಿಯನ್ನು ನಾನು ನಂಬುವುದಿಲ್ಲ.

ಅರಿವಳಿಕೆ ಕೊಟ್ಟು ಮರಿಯ ಜೀವ ತೆಗೆದ ಮೇಲೆ ಶ್ವಾಸನಾಳಕ್ಕೆ ಸಣ್ಣ ನಳಿಕೆ ಕಟ್ಟಿ, ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ತುಂಬಿದ ಸಿರಿಂಜನ್ನು 25 ಸೆಂ.ಮೀ. ಎತ್ತರದಲ್ಲಿ ತೂಗುಹಾಕುತ್ತೇನೆ. ಎಲ್ಲ ಮರಿಗಳಿಗೂ ಅದೇ ಎತ್ತರ. ಒತ್ತಡ ಕಡಿಮೆಯಾದರೆ ಶ್ವಾಸಕೋಶ ಮುದುಡಿ ಗಾಳಿಗೂಡುಗಳ ಅಳತೆಯೇ ತಪ್ಪುತ್ತದೆ. ಆಮೇಲೆ ಶ್ವಾಸಕೋಶದ ತೆಳು ಸೀಳುಗಳನ್ನು ಗಾಜಿನ ಸ್ಲೈಡುಗಳ ಮೇಲಿಟ್ಟು ಗಾಳಿಗೂಡುಗಳನ್ನು ಎಣಿಸುತ್ತೇನೆ. ಯಾವ ಸ್ಲೈಡು ಯಾವ ಗುಂಪಿನದೆಂಬುದನ್ನು ಸಹೋದ್ಯೋಗಿ ಮುಚ್ಚಿಡುತ್ತಾರೆ, ಎಣಿಕೆ ಮುಗಿದ ಮೇಲಷ್ಟೇ ತೆರೆಯುವುದು. ಆಕ್ಸಿಜನ್‌ನಲ್ಲಿ ಬೆಳೆದ ಮರಿಗಳಲ್ಲಿ ಗಾಳಿಗೂಡುಗಳು ಕಡಿಮೆ, ಇದ್ದವೂ ದೊಡ್ಡವು.

ಆದರೂ ಇಲಿಮರಿ ಅಕಾಲದಲ್ಲಿ ಹುಟ್ಟಿದ ಜೀವವಲ್ಲ. ಗಾಳಿಗೂಡುಗಳು ಮುದುಡದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಲೇಪ ಅದಕ್ಕೆ ಸಾಕಷ್ಟಿದೆ, ವೆಂಟಿಲೇಟರ್ ಬೇಕಿಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಬಬೂನ್ ಎಂಬ ದೊಡ್ಡ ಕೋತಿಯ ಮರಿಗಳನ್ನು ಸುಮಾರು 185 ದಿನಗಳ ಗರ್ಭದಲ್ಲಿ 125ನೇ ದಿನಕ್ಕೇ ಹೊರತೆಗೆದು, ಸರ್ಫ್ಯಾಕ್ಟೆಂಟ್ ಕೊಟ್ಟು, ಅಗತ್ಯವಿದ್ದಷ್ಟೇ ಆಕ್ಸಿಜನ್‌ನಲ್ಲಿ ವೆಂಟಿಲೇಟರ್ ಮೇಲಿಟ್ಟು ಸಾಕಿದರು. ಅವುಗಳ ಗಾಳಿಗೂಡುಗಳೂ ಸರಿಯಾಗಿ ಬೆಳೆಯಲಿಲ್ಲ. ಅಕಾಲ ಜನನ ಮತ್ತು ವೆಂಟಿಲೇಟರ್‌ನಿಂದಾಗುವ ಹಾನಿಯ ಕಾರಣ ನನ್ನ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಕುರಿಮರಿ, ಬಬೂನ್‌ಗಳ ಮೇಲೆ ನಡೆದ ಕೆಲಸವನ್ನೇ ಓದಬೇಕು.