ಹೀಟರ್ ತೆಗೆದಿಟ್ಟ ಮೇಲೆ ಮೀನಿನ ಬಾಯಿ ವಾಸಿಯಾಯ್ತು

ಹದಿನಾಲ್ಕು ಮೀನಿಗೆ ಬಾಯಿ ರೋಗ ಬಂದಿತ್ತು, ಹನ್ನೊಂದು ಉಳಿದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಕಾಟನ್ ಮೌತ್ (ಬಾಯಿಯ ಮೇಲೆ ಬಿಳಿ ಕಟ್ಟುವ ಈ ರೋಗದ ಹೆಸರು) ಬಂದ ಮೀನು ಉಳಿಯಲ್ಲ ಅನ್ನೋದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡು ಕೂತಿರುವ ಮಾತು. ಅಂಗಡಿಯಲ್ಲಿ ಕೇಳಿದರೆ "ಬಿಟ್ಬಿಡಿ ಸಾರ್, ಟ್ಯಾಂಕ್ ತೊಳೆದು ಹೊಸ ಮೀನು ಬಿಡಿ" ಅಂತಾರೆ. ಅವರಿಗೇನು, ಮಾರೋದೇ ಅದು. ನನ್ನ ಗೆಳೆಯರೂ ಹಾಗೇ ಅಂದರು. ಅದರಲ್ಲೊಬ್ಬ ಇಪ್ಪತ್ತು ವರ್ಷದಿಂದ ಮೀನು ಸಾಕುತ್ತಿರುವವನು. ನೀರು ತಣ್ಣಗಾಗಲಿ ಅಂತ ನಾನು ಐಸ್ ಬಾಟಲಿ ತೇಲಿಬಿಡೋ ವಿಷಯ ಕೇಳಿ "ಮೀನಿಗೆ ನೆಗಡಿ ಬರುತ್ತೆ ಕಣೋ" ಅಂತ ಬಿದ್ದು ಬಿದ್ದು ನಕ್ಕಿದ್ದ.

ನಮ್ಮ ಮನೆ ತುಮಕೂರಿನಲ್ಲಿ. ವರಾಂಡದಲ್ಲಿ ಒಂಬತ್ತು ಟ್ಯಾಂಕ್. ಗಪ್ಪಿ, ಮೋಲಿ, ಒಂದಿಷ್ಟು ಪ್ಲಾಟಿ. ಮರಿ ಮಾಡಿಸಿ ಎರಡು ಅಂಗಡಿಗೆ ಕೊಡುತ್ತೇನೆ, ಕರೆಂಟ್ ಬಿಲ್ಲು ಮತ್ತು ಮೀನಿನ ಊಟ ಅದರಲ್ಲೇ ಕಳೆಯುತ್ತೆ. ನೀರು ಬೋರಿನದು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಒಂಬೈನೂರು ದಾಟುತ್ತೆ, ಅಷ್ಟು ಗಡಸು. ಏಪ್ರಿಲ್‌ನಲ್ಲಿ ಹೀಟರ್ ಇಲ್ಲದೆಯೂ ಟ್ಯಾಂಕ್ ನೀರು 30 ಡಿಗ್ರಿ ಮುಟ್ಟುತ್ತೆ. ಈ ಎರಡೂ ನೆನಪಿರಲಿ.

ಮೊದಲ ಸಲದ ಕಥೆ ಹೇಳೋಕೆ ನಾಚಿಕೆ. ಚೆನ್ನೈನಲ್ಲಿ ಬಣ್ಣದ ಮೀನು ಮಾರುವ ಕೊಳತ್ತೂರಿನಿಂದ ಸುಮಾರು ನಲವತ್ತು ಮೀನು ತರಿಸಿದ್ದೆ. ಥರ್ಮಾಕೋಲ್ ಡಬ್ಬಿಯಲ್ಲಿ, ಆಕ್ಸಿಜನ್ ತುಂಬಿದ ಕವರ್‌ಗಳಲ್ಲಿ, ರಾತ್ರಿ ಬಸ್ಸಿಗೆ ಬಂದವು. ಮೂರು ಸಾವಿರ ಚಿಲ್ಲರೆ ಆಗಿತ್ತು. ಮೀನು ಲವಲವಿಕೆಯಿಂದ ಇದ್ದವು, ಅದಕ್ಕೇ ಬೇರೆ ಇಡದೆ ನೇರ ದೊಡ್ಡ ಟ್ಯಾಂಕಿಗೇ ಬಿಟ್ಟೆ. ನಾಲ್ಕನೇ ದಿನ ಒಂದು ಕಪ್ಪು ಮೋಲಿಯ ತುಟಿಯ ಮೇಲೆ ಬಿಳಿ ಗೆರೆ. ಮೊಸರನ್ನ ತಿಂದು ಬಾಯಿ ಒರೆಸಿಕೊಳ್ಳದ ಮಗುವಿನ ಹಾಗೆ ಕಾಣುತ್ತಿತ್ತು. ಕಪ್ಪು ಮೀನಾದ್ದರಿಂದ ಕಣ್ಣಿಗೆ ಬಿತ್ತು, ಬಿಳಿ ಗಪ್ಪಿಯಾಗಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಫಂಗಸ್ ಅಂದುಕೊಂಡೆ. ವೈಟ್ ಸ್ಪಾಟ್ ಅನ್ನೋ ಬಿಳಿ ಚುಕ್ಕೆ ರೋಗಕ್ಕೆ ಮಾಡ್ತೀವಲ್ಲ, ಅದೇ ಅಭ್ಯಾಸ. ಹೀಟರ್ 31ಕ್ಕೆ ಏರಿಸಿ, ಮಿಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಸುರಿದು, ಲೈಟ್ ಆರಿಸಿ ಮಲಗಿದೆ. ಬೆಳಗ್ಗೆ ಎದ್ದರೆ ಐದು ಸತ್ತಿದ್ದವು. ಸಂಜೆಗೆ ಇನ್ನೂ ಏಳು. ಮೂರನೇ ದಿನಕ್ಕೆ ಹದಿನೆಂಟೋ ಹತ್ತೊಂಬತ್ತೋ. ಈಗ ಯೋಚಿಸಿದರೆ ನಾನೇ ಒಲೆ ಹಚ್ಚಿ ಕೊಟ್ಟ ಹಾಗಾಯ್ತು. ಈ ರೋಗ ಫಂಗಸ್ ಅಲ್ಲ, ಬ್ಯಾಕ್ಟೀರಿಯಾ. ನೀರು ಬಿಸಿಯಾದಷ್ಟೂ ಅದಕ್ಕೆ ಹಬ್ಬ.

ಎರಡನೇ ಸಲ ನಾಲ್ಕೈದು ತಿಂಗಳ ನಂತರ ಬಂತು. ಅಷ್ಟೊತ್ತಿಗೆ ಬ್ಯಾಕ್ಟೀರಿಯಾ ಅಂತ ತಿಳಿದಿತ್ತು, ಹಾಗಾಗಿ ಜಂಭವೂ ಬಂದಿತ್ತು. ದನದ ಔಷಧಿ ಮಾರುವ ಅಂಗಡಿಯಿಂದ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಪುಡಿ ತಂದು ನೀರಿಗೆ ಕಲಸಿದೆ. ನೀರು ಹಳದಿಯಾಯ್ತು, ಆಮೇಲೆ ಚಹಾ ಬಣ್ಣ, ಮೇಲೆಲ್ಲ ನೊರೆ. ಗುಣ ಮಾತ್ರ ಸೊನ್ನೆ. ಈ ಜಾತಿಯ ಔಷಧಿ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಗಂಟು ಹಾಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತೆ ಅಂತ ಆಮೇಲೆ ಗೊತ್ತಾಯ್ತು. ನಮ್ಮ ಬೋರ್ ನೀರಲ್ಲಿ ಇರೋದೇ ಅವೆರಡು! ಮೇಲಿಂದ ಫಿಲ್ಟರ್‌ನಲ್ಲಿದ್ದ ಒಳ್ಳೆ ಬ್ಯಾಕ್ಟೀರಿಯಾ ಕೂಡ ಸತ್ತು, ಮೀನಿಗೆ ವಿಷವಾದ ಅಮೋನಿಯಾ ಏರಿತು. ಆ ನೀರನ್ನು ಚರಂಡಿಗೆ ಬಿಟ್ಟಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ಆ ಪುಡಿಯನ್ನು ಮತ್ತೆ ಮುಟ್ಟಿಲ್ಲ.

ಅದೇ ವಾರ ಪರ್ಮಾಂಗನೇಟ್ (ರೋಗಾಣು ಕೊಲ್ಲುವ ನೇರಳೆ ಹರಳು) ಕೂಡ ಹಾಕಿ ನೋಡಿದೆ. "ಒಂದು ಚಿಟಿಕೆ ಹಾಕಿ" ಅಂತ ಯಾರೋ ಹೇಳಿದ್ದರು. ಯಾರ ಚಿಟಿಕೆ? ನನ್ನದು ದೊಡ್ಡ ಕೈ. ಬಕೆಟ್ ನೀರು ಬೀಟ್‌ರೂಟ್ ರಸದ ಹಾಗಾಯ್ತು, ಇಪ್ಪತ್ತು ನಿಮಿಷದಲ್ಲಿ ಆರು ಮೀನು ಮಗುಚಿಕೊಂಡವು. ರೋಗದಿಂದ ಅವು ಇನ್ನೂ ಎರಡು ದಿನ ಬದುಕುತ್ತಿದ್ದವೇನೋ.

ಇಷ್ಟೊತ್ತಿಗೆ ಆರು ಸಾವಿರದ ಹತ್ತಿರ ಹೋಗಿತ್ತು. ಅಮ್ಮ ಲೆಕ್ಕ ಕೇಳಲಿಲ್ಲ, ಆದರೆ ಊಟಕ್ಕೆ ಬಡಿಸುವಾಗ "ಇವತ್ತು ಎಷ್ಟು ಹೋದ್ವಪ್ಪ?" ಅಂತ ಕೇಳುತ್ತಿದ್ದರು.

ಆಗಲೇ ಒಂದು ಒಳ್ಳೆ ಕೆಲಸ ಆಯ್ತು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಗೆಳೆಯನೊಬ್ಬ ಇದ್ದಾನೆ. ಆಗಷ್ಟೇ ಸತ್ತ ಮೀನಿನ ತುಟಿಯಿಂದ ಆ ಬಿಳಿಯನ್ನು ಕೆರೆದು, ಒಂದು ಹನಿ ನೀರಿನಲ್ಲಿಟ್ಟು ಅವನ ಮೈಕ್ರೋಸ್ಕೋಪಿನ ಕೆಳಗೆ ನೋಡಿದೆವು. ಮೊದಲು ಏನೂ ಕಾಣಲಿಲ್ಲ. ಹತ್ತು ನಿಮಿಷ ಬಿಟ್ಟು ಇಣುಕಿದರೆ ಕೂದಲೆಳೆಗಿಂತ ಎಷ್ಟೋ ಸಣ್ಣ ಕಡ್ಡಿಗಳು ಮೆಲ್ಲಗೆ ಬಾಗುತ್ತಾ, ಜಾರುತ್ತಾ ಒಂದು ಕಡೆ ಸೇರಿಕೊಳ್ಳುತ್ತಿದ್ದವು. ಸೇರಿ ಸೇರಿ ಚರ್ಮದ ಅಂಚಿನಲ್ಲಿ ಗುಪ್ಪೆ ಗುಪ್ಪೆಯಾಗಿ ನಿಂತವು. ಥೇಟ್ ಕಣದಲ್ಲಿ ಒಟ್ಟಿದ ಹುಲ್ಲಿನ ಬಣವೆ! ಈ ಬ್ಯಾಕ್ಟೀರಿಯಾಕ್ಕೆ ಕಾಲಮ್ನಾರಿಸ್ ಅನ್ನೋ ಹೆಸರು ಬಂದಿದ್ದೂ ಈ ಕಂಬದಂಥ ಗುಪ್ಪೆಯಿಂದಲೇ. ಡೇವಿಸ್ ಅನ್ನುವವನು ಅಮೆರಿಕದ ಮಿಸಿಸಿಪ್ಪಿ ನದಿಯ ಮೀನಿನಲ್ಲಿ ಇದನ್ನು ಕಂಡು 1922ರಲ್ಲೇ ಬರೆದಿಟ್ಟಿದ್ದಾನೆ. ಫಂಗಸ್ ಆಗಿದ್ದರೆ ದಪ್ಪ ದಾರದ ಥರ ಕವಲೊಡೆದ ಎಳೆಗಳು ಕಾಣಬೇಕಿತ್ತು. ಅವು ಒಂದೂ ಇರಲಿಲ್ಲ. ಬರಿಗಣ್ಣಿಗೂ ವ್ಯತ್ಯಾಸ ಇದೆ. ಫಂಗಸ್ ನಿಜವಾಗಿ ಹತ್ತಿಯ ಥರ ಉಬ್ಬಿ ನೀರಿನಲ್ಲಿ ಅಲ್ಲಾಡುತ್ತೆ. ಇದು ಚಪ್ಪಟೆ, ಬೂದು ಬಿಳುಪು, ಅಂಚಿನಲ್ಲಿ ಸ್ವಲ್ಪ ಹಳದಿ.

ಮೂರನೇ ಸಲ ಬಂದಾಗ ನಾನು ಕಾಯುತ್ತಾ ಕೂತಿದ್ದೆ ಅಂತಲೇ ಹೇಳಬೇಕು. ತುಟಿಯ ಮೇಲೆ ಮಸುಕು ಕಂಡ ಹದಿನಾಲ್ಕನ್ನೂ ಅದೇ ಬೆಳಗ್ಗೆ ಎತ್ತಿದೆ. ಎಲ್ಲಿಗೆ? ಕೊಳತ್ತೂರಿನಿಂದ ಬಂದಿದ್ದ ಅದೇ ಥರ್ಮಾಕೋಲ್ ಡಬ್ಬಿಗೆ. ಗಾಜಿನ ಟ್ಯಾಂಕ್ ನಮ್ಮೂರ ಬಿಸಿಲಿಗೆ ತಣ್ಣಗಿರಲ್ಲ, ಥರ್ಮಾಕೋಲ್ ಇರುತ್ತೆ. ಬಚ್ಚಲುಮನೆ ನೆಲದ ಮೇಲಿಟ್ಟು ಮೂವತ್ತು ಲೀಟರ್ ನೀರು ತುಂಬಿದೆ. ಅರ್ಧ ಅವುಗಳ ಹಳೇ ಟ್ಯಾಂಕಿನದು, ಇನ್ನರ್ಧ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿ ಕಾಯಿನ್ ಹಾಕಿ ಹಿಡಿದ ಆರ್‌ಒ ನೀರು. ಅದನ್ನು ದಿನವಿಡೀ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಗಡಸು ನೀರಿನಲ್ಲಿ ಈ ಬ್ಯಾಕ್ಟೀರಿಯಾ ಮೀನಿನ ಮೈಗೆ, ಕಿವಿರಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಅದಕ್ಕೇ ಈ ಸರ್ಕಸ್ಸು.

ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಒಂದನ್ನು ತೇಲಿಬಿಟ್ಟೆ. 29 ಇದ್ದದ್ದು ಸಂಜೆಗೆ 26, ಮಾರನೇ ದಿನ 24. ಅಲ್ಲೇ ನಿಲ್ಲಿಸಿದೆ. ಒಂದೇ ಏಟಿಗೆ ಇಳಿಸಬೇಡಿ, ಮೀನು ತಳಕ್ಕೆ ಕೂರುತ್ತೆ. ಬೆಳಗ್ಗೆ ಒಂದು ಬಾಟಲಿ, ಮಧ್ಯಾಹ್ನ ಒಂದು, ರಾತ್ರಿ ಬೇಕಾಗಲ್ಲ.

ಕಲ್ಲುಪ್ಪು ಲೀಟರಿಗೆ ಮೂರು ಗ್ರಾಂ, ಅಂದರೆ ಡಬ್ಬಿಗೆ 90 ಗ್ರಾಂ. ಮೂರು ಕಂತಿನಲ್ಲಿ ಕರಗಿಸಿ ಹಾಕಿದೆ. ಮೋಲಿ, ಗಪ್ಪಿಗೆ ಇದು ಏನೂ ಅಲ್ಲ. ಉಪ್ಪು ಅಷ್ಟಾಗಿ ತಡೆಯದ ಕೋರಿಡೋರಸ್, ಟೆಟ್ರಾ ಮೀನು ಇಟ್ಟವರು ಮೂರನೇ ಒಂದು ಭಾಗದಿಂದ ಶುರು ಮಾಡಿ ಮೀನಿನ ಮುಖ ನೋಡಿಕೊಂಡು ಹೋಗಿ. ಟ್ಯಾಂಕಿನಲ್ಲಿ ಗಿಡ ಇದ್ದರೆ ಉಪ್ಪನ್ನು ಮರೆತುಬಿಡಿ.

ಪರ್ಮಾಂಗನೇಟನ್ನು ಈ ಸಲ ಚಿಟಿಕೆಯಲ್ಲಿ ಅಳೆಯಲಿಲ್ಲ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಆನ್‌ಲೈನ್‌ನಲ್ಲಿ ಮುನ್ನೂರೈವತ್ತಕ್ಕೆ ಸಿಕ್ಕಿತು. ಒಂದು ಗ್ರಾಂ ಹರಳನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಕಪ್ಪು ಬಾಟಲಿಯಲ್ಲಿಟ್ಟೆ. ಆಮೇಲೆ ಲೆಕ್ಕ ಸುಲಭ, ಲೀಟರ್ ನೀರಿಗೆ ಎರಡು ಮಿಲಿ. ಬೇರೆ ಬಕೆಟ್‌ನಲ್ಲಿ ಹದಿನೈದು ಲೀಟರ್ ತೆಳಿ ನೀರು, ಸಿರಿಂಜಿನಿಂದ ಮೂವತ್ತು ಮಿಲಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಜೋರಾಗಿ, ಮೀನು ಅದರಲ್ಲಿ ನಾಲ್ಕು ಗಂಟೆ. ಒಂದು ದಿನ ಬಿಟ್ಟು ಒಂದು ದಿನ, ಒಟ್ಟು ಮೂರು ಸಲ. ನೀರು ಗುಲಾಬಿಯಾಗಿಯೇ ಇರಬೇಕು. ಅರ್ಧ ಗಂಟೆಯೊಳಗೆ ಕಂದಾದರೆ ನೀರಿನಲ್ಲಿರುವ ಕೊಳೆಯೇ ಔಷಧಿಯನ್ನು ತಿಂದು ಮುಗಿಸಿದೆ ಅಂತ ಅರ್ಥ. ನಾನು ಒಮ್ಮೆ ನೀರಿಗೆ ಹಾಕಿದ್ದ ಒಣ ಬಾದಾಮಿ ಎಲೆ ತೆಗೆಯೋದು ಮರೆತು ಹಾಗೇ ಆಯ್ತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ತಡ ಮಾಡದೆ ತೆಗೆಯಿರಿ. ಪಕ್ಕದಲ್ಲಿ ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಇರಲಿ. ಹನಿ ಹನಿ ಬಿಟ್ಟರೆ ಗುಲಾಬಿ ಬಣ್ಣ ಕಣ್ಣೆದುರೇ ಮಾಯವಾಗುತ್ತೆ. ಅಂದ ಹಾಗೆ ಗ್ಲೌಸ್ ಹಾಕಿಕೊಳ್ಳಿ. ನನ್ನ ಉಗುರು ಒಂದು ವಾರ ಕಂದಾಗಿತ್ತು, ಮದುವೆ ಮನೆಯಲ್ಲಿ ಕೈ ಮುಚ್ಚಿಕೊಂಡು ಉಂಡಿದ್ದೆ.

ಮೊದಲ ಮೂರು ದಿನ ಏನೂ ಬದಲಾಗಲಿಲ್ಲ. ಎರಡು ಸತ್ತವು. ಅಲ್ಲೇ ಎಲ್ಲರೂ ಕೈ ಬಿಡೋದು. ನಾಲ್ಕನೇ ದಿನ ಟಾರ್ಚ್ ಹಾಕಿ ನೋಡಿದರೆ ಬಿಳಿಯ ಅಂಚು ನಿಂತಿತ್ತು, ಮುಂದೆ ಹರಡಿರಲಿಲ್ಲ. ಐದಾರನೇ ದಿನಕ್ಕೆ ಸಿಪ್ಪೆಯ ಥರ ಏಳತೊಡಗಿತು, ಕೆಳಗೆ ಕೆಂಪು ಮಾಂಸ. ಇನ್ನೊಂದು ಅವತ್ತೇ ಹೋಯ್ತು, ಅದರ ಕಿವಿರೂ ಕೊಳೆತಿತ್ತು. ಒಂಬತ್ತು ಹತ್ತನೇ ದಿನ ಉಳಿದವು ಊಟಕ್ಕೆ ನುಗ್ಗಿದವು. ದಿನಾ ಹತ್ತು ಲೀಟರ್ ನೀರು ಬದಲಿಸಿ, ಅದಕ್ಕೆ ತಕ್ಕ 30 ಗ್ರಾಂ ಉಪ್ಪು ಸೇರಿಸಿದ್ದೇ ಹೆಚ್ಚಿನ ಕೆಲಸ.

ದೊಡ್ಡ ಟ್ಯಾಂಕನ್ನು ಸುಮ್ನೆ ಬಿಡಲಿಲ್ಲ. ಹೀಟರ್ ಕಿತ್ತು ಅಟ್ಟಕ್ಕೆ ಹಾಕಿದೆ. ಮುಚ್ಚಳ ತೆಗೆದು ಮೇಲೊಂದು ಟೇಬಲ್ ಫ್ಯಾನ್ ತಿರುಗಿಸಿದೆ, ಎರಡು ಡಿಗ್ರಿ ಇಳಿಯಿತು. ಊಟ ಅರ್ಧ ಮಾಡಿದೆ. ಮತ್ತೆ ಬಲೆ! ಮೂರು ಸಲವೂ ರೋಗವನ್ನು ಟ್ಯಾಂಕಿನಿಂದ ಟ್ಯಾಂಕಿಗೆ ಸಾಗಿಸಿದ್ದು ನನ್ನ ಒಂದೇ ಹಸಿರು ಬಲೆ ಅನ್ನೋದು ಈಗ ನನಗೆ ಗ್ಯಾರಂಟಿ. ಈಗ ಟ್ಯಾಂಕಿಗೊಂದು ಬಲೆ, ಬಳಸಿದ ಮೇಲೆ ಬಿಸಿಲಿಗೆ.

ನಡುವೆ ಮಾಡಿದ ಕಿತಾಪತಿಗಳೂ ಇವೆ. ಅರಿಶಿನ ಹಾಕಿದೆ, ಗಾಜು ಅಂಟಿಸಿದ ಸಿಲಿಕೋನ್ ಹಳದಿಯಾಗಿದ್ದು ಇನ್ನೂ ಹೋಗಿಲ್ಲ, ಮೀನಿಗೆ ಗುಣ ಕಾಣಲಿಲ್ಲ. ಬೇವಿನ ಎಲೆ ಜಜ್ಜಿ ಹಾಕಿದ ಗಂಟೆಯೊಳಗೆ ಗಪ್ಪಿಗಳು ಮೇಲೆ ಬಂದು ಒದ್ದಾಡಿದವು, ತಕ್ಷಣ ನೀರು ಬದಲಿಸಿದೆ. ಬೇವು ಮನುಷ್ಯರಿಗೇ ಇರಲಿ. ಒಣಗಿದ ಬಾದಾಮಿ ಎಲೆ ಮಾತ್ರ ಉಳಿಸಿಕೊಂಡಿದ್ದೇನೆ. ಔಷಧಿ ಮುಗಿದ ಮೇಲೆ ಎರಡು ಎಲೆ ಬಿಟ್ಟರೆ ಗಾಯ ಬೇಗ ಮುಚ್ಚುತ್ತೆ ಅನ್ನೋದು ನನ್ನ ಅನಿಸಿಕೆ. ಹೋಲಿಸಿ ನೋಡಿಲ್ಲ.

ಖರ್ಚು? ತಕ್ಕಡಿ ಬಿಟ್ಟರೆ ನೂರೈವತ್ತು ದಾಟಿಲ್ಲ. ಕೊನೆಯ ನಾಲ್ಕು ದಿನ ಊಟಕ್ಕೆ ಬೆಳ್ಳುಳ್ಳಿ ಜೊತೆ ಇನ್ನೊಂದನ್ನು ಸೇರಿಸಿದ್ದೆ. ಬಾಯಿ ನೋಯುವ ಮೀನೂ ಅದಕ್ಕೆ ಹಾತೊರೆದು ಬರುತ್ತೆ. ಅದೇನು ಅಂತ ಈಗಲೇ ಹೇಳಲ್ಲ, ಇನ್ನೊಂದೆರಡು ಸಲ ನೋಡಬೇಕು. ಮರಿ ಮಾರಿ ಬದುಕುವವನಿಗೆ ಅಷ್ಟಾದರೂ ಬೇಡವೇ?

ನಕ್ಕಿದ್ದ ಗೆಳೆಯ ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದ. "ಥರ್ಮಾಕೋಲ್ ಡಬ್ಬಿ ಇದ್ಯೇನೋ?" ಕೊಟ್ಟಿದ್ದೇನೆ, ವಾಪಸ್ ಬಂದಿಲ್ಲ. ಉಳಿದ ಹನ್ನೊಂದರಲ್ಲಿ ಒಂದು ಕಪ್ಪು ಮೋಲಿಗೆ ಮೇಲ್ತುಟಿ ಅರ್ಧ ಕರಗಿ ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ. ತೇಲುವ ಊಟ ನೇರವಾಗಿ ಹಿಡಿಯೋಕೆ ಆಗಲ್ಲ, ಓರೆಯಾಗಿ ಬಂದು ಹೀರಿಕೊಳ್ಳುತ್ತೆ. ಅಂಗಡಿಯವರು ಅದನ್ನು ತಗೊಳ್ಳಲ್ಲ ಅಂದರು. ಮೊನ್ನೆ ಮೂವತ್ತಕ್ಕೂ ಜಾಸ್ತಿ ಮರಿ ಹಾಕಿದೆ, ಎಲ್ಲದರ ಬಾಯಿಯೂ ನೆಟ್ಟಗಿದೆ.