ಸೀಟು ಬದಲಿಸುವ ಮೊದಲು ಸ್ಪ್ಯಾನರ್ ಹಿಡಿಯಿರಿ

ಲಾಂಗ್ ರೈಡ್‌ನಲ್ಲಿ ಮೈಕೈ ನೋವು ಬಂದರೆ ಎಲ್ಲರೂ ಮೊದಲು ಬಯ್ಯುವುದು ಸೀಟನ್ನೇ. ನನ್ನ ಲೆಕ್ಕದಲ್ಲಿ ಸೀಟಿನ ಸರದಿ ಬರುವುದು ಕೊನೆಗೆ. ನಾನು 5 ಅಡಿ 4 ಅಂಗುಲ, ಕೈ ಸ್ವಲ್ಪ ಗಿಡ್ಡ. ನಮ್ಮಣ್ಣ ಆರಡಿ. ಒಂದೇ ಬೈಕ್ ಓಡಿಸಿದರೆ ನನಗೆ ಭುಜ ನೋಯುತ್ತದೆ, ಅವನಿಗೆ ಮಂಡಿ. ಸೀಟು ಇಬ್ಬರಿಗೂ ಒಂದೇ ಅಲ್ವಾ?

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಜಾಕೆಟ್, ಬೂಟು, ಗ್ಲೌಸ್ ಎಲ್ಲ ಹಾಕಿಕೊಂಡೇ ಕೂರಿ. ಮನೆಯ ಬಟ್ಟೆಯಲ್ಲಿ ಅಳತೆ ನೋಡಿದರೆ ಪ್ರಯೋಜನವಿಲ್ಲ. ಈಗ ಕಣ್ಣು ಮುಚ್ಚಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಚಾಚಿ. ಕಣ್ಣು ಬಿಟ್ಟಾಗ ಗ್ರಿಪ್ ಇನ್ನೂ ಮುಂದಿದ್ದರೆ ಹ್ಯಾಂಡಲ್ ನಿಮಗೆ ದೂರ ಅಂತ ಅರ್ಥ. ಇನ್ನೊಂದು ಪರೀಕ್ಷೆ: ಹಾಗೇ ಕೂತು ಎರಡೂ ಕೈಯನ್ನು ಒಂದಂಗುಲ ಮೇಲೆತ್ತಿ. ಮೈ ಮುಂದಕ್ಕೆ ಬಿದ್ದರೆ, ಇಷ್ಟು ಹೊತ್ತು ನಿಮ್ಮ ಭಾರ ಹೊತ್ತಿದ್ದು ಮಣಿಕಟ್ಟು.

ಹ್ಯಾಂಡಲ್ ಬಾರ್‌ನ ಕ್ಲ್ಯಾಂಪ್ ಸಡಿಲಿಸಿ ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಿ ನೋಡಿ. ಅಷ್ಟರಲ್ಲೇ ಸರಿಹೋದರೆ ಖರ್ಚಿಲ್ಲ. ನನಗೆ ಸಾಲಲಿಲ್ಲ, 20 ಮಿ.ಮೀ. ರೈಸರ್ (ಹ್ಯಾಂಡಲ್ ಕೆಳಗೆ ಕೂರಿಸಿ ಅದನ್ನು ಎತ್ತರಿಸುವ ತುಂಡು) ಹಾಕಿದೆ. ರೈಸರ್ ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಲೇಬೇಕು. ಬ್ರೇಕ್ ಹೋಸ್ ಅಥವಾ ಕೇಬಲ್ ಬಿಗಿಯಾದರೆ ಓಡಿಸಬೇಡಿ. ಎಂಜಿನ್ ಆನ್ ಮಾಡಿಯೂ ಒಮ್ಮೆ ತಿರುಗಿಸಿ. ಐಡಲ್, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವ ವೇಗ, ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತಲೇ ಲೆಕ್ಕ.

ಬ್ರೇಕ್, ಕ್ಲಚ್ ಲಿವರ್‌ಗಳ ಕೋನವನ್ನು ಯಾರೂ ನೋಡುವುದೇ ಇಲ್ಲ. ಬೆರಳು ನೀಟಾಗಿ ಚಾಚಿದಾಗ ಮೊಣಕೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಲಿವರ್ ಮೇಲೆ ಕೂರಬೇಕು. ಮಣಿಕಟ್ಟು ಮೇಲಕ್ಕೆ ಮಡಚಿದ್ದರೆ ಲಿವರನ್ನು ಕೆಳಗೆ ತಿರುಗಿಸಿ. ಕೈ ಜೋಮು ಹಿಡಿಯುವವರು ಯಾವ ಬೆರಳು ಅಂತ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಸಾಮಾನ್ಯವಾಗಿ ಮಣಿಕಟ್ಟು ಮಡಚಿ ನರ ಒತ್ತುತ್ತಿರುತ್ತದೆ. ಕಿರುಬೆರಳು, ಉಂಗುರ ಬೆರಳಾದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಜಾಸ್ತಿ ಬೀಳುತ್ತಿರಬಹುದು. ಮೊದಲನೆಯದಕ್ಕೆ ಲಿವರ್ ತಿರುಗಿಸಿ, ಎರಡನೆಯದಕ್ಕೆ ಹಿಡಿತ ಸಡಿಲಿಸಿ. ಗ್ರಿಪ್ಪನ್ನು ಹಿಂಡುತ್ತಾ ಓಡಿಸುವವರಿಗೆ ಯಾವ ಗ್ಲೌಸೂ ಸಹಾಯ ಮಾಡುವುದಿಲ್ಲ.

ಕೈಗೆ ಬಿಡುವು ಸಿಗಬೇಕಾದರೆ ಕೆಲಸವನ್ನು ತೊಡೆ, ಹೊಟ್ಟೆ ವಹಿಸಿಕೊಳ್ಳಬೇಕು. ಮಂಡಿಯಿಂದ ಟ್ಯಾಂಕನ್ನು ಹಗುರಾಗಿ ಅವುಚಿ. ಬಗ್ಗುವುದಾದರೆ ಸೊಂಟದ ಕೀಲಿನಿಂದ ಬಗ್ಗಿ, ಬೆನ್ನು ಗೂನು ಮಾಡಬೇಡಿ. ಮೊಣಕೈ ಸ್ವಲ್ಪ ಮಡಚಿರಲಿ. ಕಂಬದ ಹಾಗೆ ನೆಟ್ಟಗೆ ಕೂರುವುದೇ ಒಳ್ಳೆಯದು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಾಗೆ ಕೂತರೆ ಗುಂಡಿಯ ಹೊಡೆತ ನೇರ ಬೆನ್ನುಮೂಳೆಗೆ ಏರುತ್ತದೆ. ತುಸು ಮುಂದೆ ಬಾಗಿರಿ. ದೊಡ್ಡ ಗುಂಡಿ ಕಂಡಾಗ ಫುಟ್‌ಪೆಗ್ (ಪಾದ ಇಡುವ ಕಂಬಿ) ಮೇಲೆ ಅರ್ಧ ಏಳಿ.

ಗೇರ್ ಲಿವರ್, ಬ್ರೇಕ್ ಪೆಡಲ್ ನಿಮ್ಮ ಬೂಟಿನ ದಪ್ಪಕ್ಕೆ ಹೊಂದಬೇಕು. ಗೇರ್ ಹಾಕುವಾಗಲೆಲ್ಲ ಪಾದ ಎತ್ತಬೇಕಾದರೆ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜ್ ರಾಡ್ ಹೊಂದಿಸಿ. ಅದರ ಒಂದು ತುದಿಯ ನಟ್ ಎಷ್ಟೋ ಬೈಕುಗಳಲ್ಲಿ ಉಲ್ಟಾ ಥ್ರೆಡ್, ಸುಮ್ನೆ ಜೋರು ಮಾಡಬೇಡಿ. ಬ್ರೇಕ್ ಪೆಡಲ್‌ನ ಎತ್ತರ ಬದಲಿಸಿದರೆ ಬ್ರೇಕ್ ಲೈಟ್ ಸರಿಯಾಗಿ ಹತ್ತುತ್ತಿದೆಯಾ ನೋಡಿ. ಮಂಡಿ 90 ಡಿಗ್ರಿಗಿಂತ ಬಿಗಿಯಾಗಿ ಮಡಚುವ ಎತ್ತರದವರಿಗೆ ಪೆಗ್ ಇಳಿಸಬಹುದು, ಆದರೆ ತಿರುವಿನಲ್ಲಿ ಬೇಗ ನೆಲ ತಾಗುತ್ತದೆ. ಅಣ್ಣ ಅದಕ್ಕೇ ಪೆಗ್ ಮುಟ್ಟದೆ ಸೀಟಿನ ಫೋಮ್ ಎತ್ತರಿಸಿಕೊಂಡ.

ಇನ್ನು ಗಾಳಿ. ತಲೆ ಗಡಗಡ ಅಲ್ಲಾಡುತ್ತಿದ್ದರೆ ಖಾಲಿ ನೇರ ರಸ್ತೆಯಲ್ಲಿ ಒಂದು ಕ್ಷಣ ಪೆಗ್ ಮೇಲೆ ಎದ್ದು ನಿಲ್ಲಿ. ಗಾಳಿ ನಯವಾದರೆ, ಗದ್ದಲ ಎಬ್ಬಿಸುತ್ತಿರುವುದು ವಿಂಡ್‌ಸ್ಕ್ರೀನ್. ಎಲ್ಲರೂ ದೊಡ್ಡದು ಹಾಕಿಸುತ್ತಾರೆ. ಎಷ್ಟೋ ಸಲ ಗಿಡ್ಡದೇ ವಾಸಿ. ಫೋಮ್ ಇಯರ್‌ಪ್ಲಗ್ ಅಂತೂ ಹಾಕಿಕೊಳ್ಳಿ. ಹೆಲ್ಮೆಟ್ ಒಳಗಿನ ಗಾಳಿ ಸದ್ದು ದಣಿಸುವಷ್ಟು ಬೇರೇನೂ ದಣಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೂರುವ ಮೂಳೆಗಳು ನೋಯುತ್ತಿದ್ದರೆ ಆಗ ಸೀಟು ನೋಡಿ. ಮೆತ್ತಗಿದೆ ಅಂತ ಮೋಸ ಹೋಗಬೇಡಿ. ಮೆತ್ತನೆ ಫೋಮ್ ಗಂಟೆಯೊಳಗೆ ಕುಸಿದು ಮೂಳೆ ತಳಕ್ಕೆ ತಾಗುತ್ತದೆ. ಗಟ್ಟಿ, ಅಗಲ ಸೀಟೇ ದೂರಕ್ಕೆ ಆಗುವುದು. ಗಾಳಿ ದಿಂಬು ಹಾಕಿದರೆ ಮೈ ತಳ ಬಿಟ್ಟು ಏಳುವಷ್ಟು ಮಾತ್ರ ಗಾಳಿ ತುಂಬಿಸಿ. ಜೀನ್ಸಿನ ದಪ್ಪ ಹೊಲಿಗೆ ಮೂಳೆ ಕೆಳಗೇ ಬರುತ್ತದೆ. ಸೈಕಲ್ ಶಾರ್ಟ್ಸ್ ಒಳಗೆ ಹಾಕಿದರೆ ತೊಂದರೆ ಕಡಿಮೆ. ಪರ್ಸನ್ನು ಹಿಂದಿನ ಜೇಬಿನಿಂದ ತೆಗೆಯಿರಿ. ಬೆನ್ನಿನ ಬ್ಯಾಗನ್ನೂ ಹಿಂದಿನ ಸೀಟಿಗೆ ಕಟ್ಟಿ. ಲಗೇಜ್ ಏರಿಸಿದಾಗ ಹಿಂದಿನ ಸಸ್ಪೆನ್ಷನ್ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ) ಹೆಚ್ಚಿಸಿ. ಇಲ್ಲದಿದ್ದರೆ ಬೈಕ್ ಹಿಂದೆ ಕುಸಿದು ಸೀಟಿನ ಕೋನವೇ ಬದಲಾಗುತ್ತದೆ, ಹೆಡ್‌ಲೈಟೂ ಆಕಾಶ ನೋಡುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಳೆಯ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಗಂಟೆಯಾದರೂ ಓಡಿಸಿದ ಮೇಲೆ ಮುಂದಿನದಕ್ಕೆ ಕೈಹಾಕಿ. ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ಬೆರಳಿನ ಜೋಮು ಮರುದಿನವೂ ಹೋಗದಿದ್ದರೆ ಬೈಕ್ ಬಿಟ್ಟು ವೈದ್ಯರ ಹತ್ತಿರ ಹೋಗಿ.